ಹತ್ತು ಮನೆಗಳಿಲ್ಲದ ಇಗರ್ಜಿ

ಶೆಟ್ಟಿಹಳ್ಳಿಯ ಚರ್ಚಿನ ಫೋಟೋ ನೋಡದ ಕನ್ನಡಿಗರು ಈಗ ಕಡಿಮೆ. ಮಳೆಗಾಲವಾದರೆ ನೀರಿನ ನಡುವೆ ನಿಂತ ಕಮಾನುಗಳು, ಬೇಸಿಗೆಯಾದರೆ ಬಿರುಕು ಬಿಟ್ಟ ಕೆಸರಿನ ಮೇಲೆ ಚಾವಣಿಯಿಲ್ಲದ ಇಟ್ಟಿಗೆ ಗೋಡೆಗಳು. ಮದುವೆಗೆ ಮುಂಚಿನ ಫೋಟೋಗೆ ಬಂದ ಜೋಡಿಗಳು, ತೆಪ್ಪದಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದವರು, ಸಿನಿಮಾ ಹಾಡಿನ ಚಿತ್ರೀಕರಣದವರು, ಈಗ ಡ್ರೋನ್ ಹಾರಿಸುವವರು. ಚಿತ್ರ ಯಾರದೇ ಆಗಿರಲಿ, ಅದರ ಕೆಳಗಿನ ಬರಹ ಮಾತ್ರ ಒಂದೇ. 1860ರ ಆಸುಪಾಸಿನಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಚರ್ಚ್. ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರಂತೆ. ಕಿಟಕಿಯ ಬಣ್ಣದ ಗಾಜು ಬೆಲ್ಜಿಯಂನಿಂದ ಬಂದಿತ್ತಂತೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿತು. ನೋಡಲು ಒಳ್ಳೆಯ ಕಾಲ ಜುಲೈಯಿಂದ ಅಕ್ಟೋಬರ್.

ಈ ಐದು ಮಾತುಗಳನ್ನೇ ಒಂದು ಸಾಹಿತ್ಯಕೃತಿ ಎಂದುಕೊಂಡು ಓದಿ ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಶೆಟ್ಟಿಹಳ್ಳಿಯ ಬಗ್ಗೆ ನಮ್ಮ ಭಾಷೆಯಲ್ಲಿ ಅತಿ ಹೆಚ್ಚು ಜನ ಓದಿರುವ ಪಠ್ಯ ಇದೇ. ಬರೆದವರು ಯಾರೋ ಗೊತ್ತಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬಂದಿದೆ, ಅಷ್ಟರಮಟ್ಟಿಗೆ ಜನಪದವೇ. ಆದರೆ ಜನಪದದಲ್ಲಿ ಜನ ಇರುತ್ತಾರೆ. ಇದರಲ್ಲಿ ಫ್ರಾನ್ಸಿನವರು ಇದ್ದಾರೆ, ಬೆಲ್ಜಿಯಂ ಇದೆ, ಕೋಳಿಮೊಟ್ಟೆಯೂ ಇದೆ. ಶೆಟ್ಟಿಹಳ್ಳಿಯವರು ಇಲ್ಲ.

ಬೆಲ್ಲ ಮತ್ತು ಮೊಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ಅದನ್ನು ಓದಿದಾಗ ಏನೋ ವಿದೇಶಿ ಗುಟ್ಟಿನಂತೆ ಕೇಳುತ್ತದೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಮೊಟ್ಟೆಯ ಲೋಳೆ, ಅಳಲೆಕಾಯಿ ಕಷಾಯ ಹಾಕಿ ಅರೆಯುವುದು ದಕ್ಷಿಣದ ಗಾರೆ ಕೆಲಸದವರಿಗೆ ಗೊತ್ತಿದ್ದ ವಿದ್ಯೆ. ಪಾದ್ರಿಗಳು ಹಡಗಿನಲ್ಲಿ ತಂದದ್ದಲ್ಲ. ಹಾಗಾದರೆ ಗಾರೆ ಅರೆದವರು ಯಾರು, ಇಟ್ಟಿಗೆ ಸುಟ್ಟವರು ಯಾರು, ಎಂದೂ ನೋಡಿರದ ಚೂಪು ಕಮಾನನ್ನು ಮರದ ಅಚ್ಚಿನ ಮೇಲೆ ಕೂರಿಸಲು ಕಲಿತ ಮೇಸ್ತ್ರಿ ಯಾರು ಎಂಬ ಪ್ರಶ್ನೆ ಏಳಬೇಕಿತ್ತು. ಆ ಬರಹ ಅದನ್ನು ಏಳಗೊಡುವುದಿಲ್ಲ. ಪದಾರ್ಥದ ಪಟ್ಟಿ ಕೊಟ್ಟು ಅಡುಗೆಯವರನ್ನು ಮರೆಸುತ್ತದೆ.

ಇನ್ನು ಆ ಕ್ರಿಯಾಪದ. 'ಮುಳುಗಿತು.' ಕನ್ನಡ ವ್ಯಾಕರಣ ಇಲ್ಲಿ ಬಹಳ ಉಪಕಾರ ಮಾಡುತ್ತದೆ. ಮುಳುಗುವುದಕ್ಕೆ ಯಾರೂ ಬೇಕಿಲ್ಲ, ಕಲ್ಲು ಮುಳುಗುತ್ತದೆ, ಸೂರ್ಯನೂ ಮುಳುಗುತ್ತಾನೆ. ಮುಳುಗಿಸುವುದಕ್ಕೆ ಒಬ್ಬ ಕರ್ತೃ ಬೇಕು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಮುಗಿದದ್ದು ಸರ್ಕಾರದ ಯೋಜನೆಯಾಗಿ. ಅದರ ಸಾಮರ್ಥ್ಯ 37 ಟಿಎಂಸಿ, ಪೂರ್ಣ ಮಟ್ಟ 2,922 ಅಡಿ. ಈ 2,922 ಎಂಬ ಅಂಕಿಯನ್ನು ಯಾರೋ ಮೇಜಿನ ಮುಂದೆ ಕೂತು ತೀರ್ಮಾನಿಸಿದರು. ಅದಕ್ಕಿಂತ ಕೆಳಗಿದ್ದ ನೆಲವೆಲ್ಲ ಆ ಕ್ಷಣದಲ್ಲೇ ಹೋಯಿತು, ನೀರು ಬಂದದ್ದು ಆಮೇಲೆ. ಮಲೆನಾಡಿನವರು ಇದಕ್ಕೆ ಒಂದು ಪದ ಮಾಡಿಕೊಂಡರು, 'ಮುಳುಗಡೆ'. ಶರಾವತಿ ಕಡೆ ಹೋದರೆ 'ಅವರು ಮುಳುಗಡೆಯವರು' ಎನ್ನುತ್ತಾರೆ, ಜಾತಿಯ ಹೆಸರೋ ಮನೆತನದ ಹೆಸರೋ ಹೇಳಿದ ಹಾಗೆ. ಈ ನಾಮಪದದಲ್ಲಿ ಕರ್ತೃ ಪೂರ್ತಿ ಕಾಣದಿದ್ದರೂ ನೋವು ಉಂಡವರು ಕಾಣುತ್ತಾರೆ. ಚರ್ಚಿನ ಫೋಟೋದ ಕೆಳಗೆ ಈ ಪದವನ್ನು ನಾನು ನೋಡಿದ್ದು ಕಡಿಮೆ. ಅಲ್ಲಿ ಇರುವುದು 'ಮುಳುಗುವ ಚರ್ಚ್', 'ತೇಲುವ ಚರ್ಚ್'. ತೇಲುವುದಂತೆ! ಪಾಯ ಹಾಕಿ ಕಟ್ಟಿದ ಇಟ್ಟಿಗೆ ಕಟ್ಟಡ.

ನಾನು ಇದನ್ನು ಬರೆಯುತ್ತಿರುವುದು ಶಿರಾದಿಂದ. ಗೊರೂರಿನ ನೀರಿಗೂ ನಮ್ಮ ಬಯಲುಸೀಮೆಗೂ ಏನು ಸಂಬಂಧ ಎಂದು ದೂರದವರು ಕೇಳಬಹುದು. ಸಂಬಂಧ ಬಾಯೊಳಗೇ ಇದೆ. ಹೇಮಾವತಿ ನಾಲೆಯ ತುಮಕೂರು ಶಾಖೆಯಿಂದ ಬರುವ ನೀರು ಕಳ್ಳಂಬೆಳ್ಳ ಕೆರೆ ಹಾದು ಶಿರಾದ ದೊಡ್ಡಕೆರೆಗೆ ಸೇರುತ್ತದೆ. ಮಧುಗಿರಿಯವರು ಸಿದ್ದಾಪುರ ಕೆರೆಯ ಮೂಲಕ ಇದೇ ನೀರಿಗೆ ಬಾಯೊಡ್ಡಿದ್ದಾರೆ. ಮದಲೂರು ಕೆರೆಗೆ ಹೇಮಾವತಿ ಬರುತ್ತದೋ ಇಲ್ಲವೋ ಎಂಬುದು 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ಆ ಕೆರೆಯ ಹೆಸರನ್ನು ಬೆಂಗಳೂರಿನ ಟೀವಿಯವರು ಕೂಡ ಕಲಿತರು. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ತೋಡಿ ಮಾಗಡಿ ಕಡೆಗೆ ನೀರು ಒಯ್ಯುತ್ತಾರೆಂದು 2025ರಲ್ಲಿ ಗುಬ್ಬಿಯ ಕಡೆ ರೈತರು ಬೀದಿಗಿಳಿದಾಗ ಇಡೀ ಜಿಲ್ಲೆಯ ಬಾಯಲ್ಲಿದ್ದ ಮಾತು 'ನಮ್ಮ ಹೇಮಾವತಿ'. ನಾನೂ ಹಾಗೇ ಅನ್ನುತ್ತೇನೆ. ನಮ್ಮ ಹೇಮಾವತಿ. ಐನೂರು, ಆರುನೂರು, ಸಾವಿರ ಅಡಿ ಬೋರು ಕೊರೆದು ಧೂಳು ಕಂಡ ಸೀಮೆಯವರು ನಾವು, ನೀರಿನ ಬಗ್ಗೆ ನಾಚಿಕೆ ಪಡುವ ಸ್ಥಿತಿಯಲ್ಲಿ ಇಲ್ಲ. ಆದರೆ ಆ 'ನಮ್ಮ' ಎಂಬ ಪದದೊಳಗೆ ಶೆಟ್ಟಿಹಳ್ಳಿಯವರ ಗದ್ದೆ, ಮನೆ, ಸ್ಮಶಾನ, ಪೂಜೆಯ ಜಾಗ ಸೇರಿಕೊಂಡಿದೆ ಎಂಬುದು ನಮ್ಮ ಸೀಮೆಯ ಯಾವ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಆದ್ದರಿಂದ ಆ ಚರ್ಚಿನ ಬಗ್ಗೆ ಹಾಸನದವರು ಬರೆಯಲಿ ಎಂದು ನಾನು ಸುಮ್ಮನಿರಲಾರೆ. ನೀರು ಕುಡಿದ ಕಡೆಯಿಂದಲೂ ಒಂದು ವಿಮರ್ಶೆ ಇರಬೇಕು.

ಆ ಚರ್ಚು ಯಾರದಾಗಿತ್ತು?

ಮೈಸೂರು ಸೀಮೆಯ ಕ್ರೈಸ್ತರ ಕಥೆಗೆ ಬಂದರೆ ಆಬೆ ದುಬುವಾ ಎಂಬ ಹೆಸರು ಬಿಟ್ಟು ಮುಂದೆ ಹೋಗಲಾಗದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆ ಬಂದ ಫ್ರೆಂಚ್ ಪಾದ್ರಿ. ಕಾವಿ ಉಟ್ಟು, ಸಸ್ಯಾಹಾರ ತಿಂದು, 'ದೊಡ್ಡ ಸ್ವಾಮಿ' ಎನಿಸಿಕೊಂಡವನು. ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಒಯ್ದವನು, ಟಿಪ್ಪುವಿನ ಕಾಲದ ಚದುರಾಟದ ನಂತರ ದಿಕ್ಕೆಟ್ಟ ಬಡ ಕ್ರೈಸ್ತ ಕುಟುಂಬಗಳಿಗೆ ಹಾಸನ ಸೀಮೆಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟವನು. 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ಮೇಲೂ ಅವನ ಹೆಸರು ಈ ಸೀಮೆಯಲ್ಲಿ ಉಳಿಯಿತು. ಲೋಕ ಅವನನ್ನು ನೆನೆಯುವುದು ಮಾತ್ರ ಇದಕ್ಕಲ್ಲ. ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ಅವನು ಒಪ್ಪಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, ಇಂದಿಗೂ ಅಚ್ಚಾಗುತ್ತಿದೆ. ಆ ಪುಸ್ತಕದ ಬಹುಭಾಗ ಅವನಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದೂ ಬರೆದಿಟ್ಟ ಹಸ್ತಪ್ರತಿಯಿಂದ ಬಂದದ್ದು ಎಂದು 1980ರ ದಶಕದಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ ತೋರಿಸಿಕೊಟ್ಟರು. ಇರಲಿ, ಅದು ಬೇರೆ ಜಗಳ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ಪಾದ್ರಿ ನಮ್ಮವರ ಬಗ್ಗೆ ಬರೆದ ಪುಸ್ತಕ ಲೋಕದ ಗ್ರಂಥಾಲಯಗಳಲ್ಲಿದೆ. ಪಾದ್ರಿಯ ಹಿಂದೆ ನಡೆದು ಬಂದು ನೇಗಿಲು ಹಿಡಿದವರ ಬಗ್ಗೆ ನಮ್ಮ ತರಗತಿಯಲ್ಲಿ ಒಂದು ಪುಟವೂ ಇಲ್ಲ.

ಕನ್ನಡ ಸಾಹಿತ್ಯ ಚರಿತ್ರೆಯ ಪಠ್ಯಗಳಲ್ಲಿ 'ಕ್ರೈಸ್ತರ ಕೊಡುಗೆ' ಎಂಬ ಒಂದು ಅಧ್ಯಾಯ ಇರುತ್ತದೆ. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ, ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂತು, ಅಚ್ಚಿನ ಮೊಳೆ ಹೀಗಾಯಿತು, ವ್ಯಾಕರಣ ಹಾಗಾಯಿತು. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆಯುತ್ತಾರೆ. ಎಲ್ಲ ನಿಜ. ಆದರೆ ಈ ಅಧ್ಯಾಯ ಓದಿದವರಿಗೆ ಕ್ರೈಸ್ತರೆಂದರೆ ಜರ್ಮನಿಯಿಂದ ಬಂದು ಕನ್ನಡಕ್ಕೆ ಏನೋ ಕೊಟ್ಟು ಹೋದ ಅತಿಥಿಗಳು ಎಂದಷ್ಟೇ ತಿಳಿಯುತ್ತದೆ. ಕನ್ನಡದಲ್ಲೇ ಜಪಸರ ಹೇಳಿ, ಕನ್ನಡದಲ್ಲೇ ಗದ್ದೆಯ ಬದುವಿಗೆ ಜಗಳವಾಡಿ, ಕನ್ನಡದಲ್ಲೇ ಅಣೆಕಟ್ಟಿನ ನೋಟೀಸು ಓದಿಸಿಕೊಂಡ ಒಕ್ಕಲು ಕ್ರೈಸ್ತರು ಆ ಅಧ್ಯಾಯದಲ್ಲಿ ಬರುವುದಿಲ್ಲ. ಚರ್ಚಿನ ಫೋಟೋ ಕೆಳಗಿನ ಬರಹ ಈ ಅಧ್ಯಾಯದ್ದೇ ಮರಿ. ಫ್ರೆಂಚರು ಕಟ್ಟಿದರು, ನೀರು ಮುಳುಗಿಸಿತು. ನಡುವಿನ ನೂರಿಪ್ಪತ್ತು ವರ್ಷ ಖಾಲಿ.

ಈ ಖಾಲಿಯನ್ನು ತುಂಬಲು ಕನ್ನಡದಲ್ಲಿ ಒಬ್ಬರು ಲೇಖಕರು ಇದ್ದರು, ಬೇರೊಂದು ನದಿಯ ದಡದಲ್ಲಿ. ನಾ. ಡಿಸೋಜ ಹುಟ್ಟಿದ್ದು, ಬದುಕಿದ್ದು, 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಬರೆದದ್ದು ಸಾಗರದ ಕಡೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಅಂದರೆ ಅಣೆಕಟ್ಟಿನ ಒಳಗಿನಿಂದ ಮುಳುಗಡೆಯನ್ನು ಕಂಡವರು. ಸಂಬಳದ ಪುಸ್ತಕಕ್ಕೆ ಸಹಿ ಹಾಕಿದ ಕೈಯೇ 'ಮುಳುಗಡೆ', 'ದ್ವೀಪ', 'ಒಡ್ಡು' ಬರೆಯಿತು. ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. ಅವರನ್ನು ವಿಮರ್ಶಕರು ಬಹುಕಾಲ ಎರಡನೆಯ ಸಾಲಿನಲ್ಲಿ ಕೂರಿಸಿದರು ಎಂಬುದು ನನ್ನ ಹಳೆಯ ತಕರಾರು. ಅವರ ಗದ್ಯ ನೇರ, ಕೆಲವೊಮ್ಮೆ ವರದಿಯ ಹಾಗೆ, ರೂಪಕಗಳ ಸಡಗರ ಇಲ್ಲ. ನವ್ಯದವರಿಗೆ ಅದು ತೆಳು ಎನಿಸಿತು. ಆದರೆ ಪರಿಹಾರದ ಹಣ ಮೂರು ಕಂತಿನಲ್ಲಿ ಬಂದರೆ ಮನೆಯೊಳಗೆ ಅಣ್ಣತಮ್ಮಂದಿರ ನಡುವೆ ಏನಾಗುತ್ತದೆ, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದು, ದೇವರನ್ನು ಮೊದಲು ಎತ್ತುವುದೋ ಅಕ್ಕಿ ಮುಡಿಯನ್ನೋ ಎಂಬ ಲೆಕ್ಕಗಳಿಗೆ ಬೇಕಾದದ್ದು ಆ ನೇರ ಗದ್ಯವೇ.

'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣಕಮಲವೂ ಬಂತು. ಊರಿನವರೆಲ್ಲ ಪರಿಹಾರ ಪಡೆದು ಹೋದರೂ ಗುಡ್ಡದ ಮೇಲಿನ ದೇವಸ್ಥಾನವನ್ನು ಬಿಟ್ಟು ಹೋಗಲಾರದ ಒಂದು ಮನೆ, ಸುತ್ತ ಏರುವ ನೀರು. ನನಗೆ ಅದರಲ್ಲಿ ಉಳಿದಿರುವುದು ಕೊನೆ. ಮಳೆ ನಿಂತು, ಮನೆ ಉಳಿದು, ಇದೆಲ್ಲ ದೇವರ ದಯೆ ಎಂದು ಗಂಡ ಹೇಳುವಾಗ, ರಾತ್ರಿಯಿಡೀ ನಿದ್ದೆಗೆಟ್ಟು ಮನೆ ಕಾದ ಹೆಂಡತಿ ನಾಗಿಯ ಮುಖ. ದೇವಾಲಯದ ಕಥೆ ಹೇಳುವಾಗ ದೇವಾಲಯ ಮಾತ್ರ ಉಳಿದು ಅದನ್ನು ಕಾದವರ ದುಡಿಮೆ ಅಳಿಸಿಹೋಗುವುದು ಹೇಗೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸಿದ ಕನ್ನಡ ಚಿತ್ರ ನನಗೆ ನೆನಪಿಗೆ ಬರುವುದಿಲ್ಲ. ಶೆಟ್ಟಿಹಳ್ಳಿಯ ಪ್ರತಿಯೊಂದು ಫೋಟೋ ನೋಡುವಾಗಲೂ ಆ ಮುಖ ಅಡ್ಡ ಬರುತ್ತದೆ.

ಡಿಸೋಜರ ಇನ್ನೊಂದು ಕಾದಂಬರಿಯ ಹೆಸರು 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು'. ಹೆಸರನ್ನೇ ಒಮ್ಮೆ ನಿಧಾನವಾಗಿ ಓದಿ. ಇಗರ್ಜಿ ಅಲ್ಲಿ ವಿಶೇಷಣದ ಜಾಗದಲ್ಲಿ ಕೂತಿದೆ, ಮನೆಗಳು ಕರ್ತೃವಿನ ಜಾಗದಲ್ಲಿ. ಕ್ರೈಸ್ತ ಕೇರಿಯನ್ನು ಒಳಗಿನಿಂದ ಬರೆಯಬೇಕಾದರೆ ಗೋಪುರ ನೋಡಿ ಪ್ರಯೋಜನವಿಲ್ಲ, ಗಂಟೆ ಕೇಳಿಸುವಷ್ಟು ದೂರದಲ್ಲಿರುವ ಅಡುಗೆಮನೆಗಳನ್ನು ನೋಡಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಒಬ್ಬ ಲೇಖಕ ಇಗರ್ಜಿಯ ಬಗ್ಗೆ ಬರೆದರು, ಅವರೇ ಮುಳುಗಡೆಯ ಬಗ್ಗೆಯೂ ಬರೆದರು. ಈ ಎರಡು ವಸ್ತು ಒಂದೇ ಜಾಗದಲ್ಲಿ ಸೇರುವುದು ಶೆಟ್ಟಿಹಳ್ಳಿಯಲ್ಲಿ. ಆದರೆ ಅದು ಅವರ ನದಿಯಲ್ಲ.

ಹೇಮಾವತಿಯ ಲೇಖಕರೆಂದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರು. ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಓದಿ ನಕ್ಕು ಬೆಳೆದವರು ನಾವೆಲ್ಲ. ಅಣೆಕಟ್ಟಿಗೆ ಮುಂಚಿನ ಆ ನದಿತೀರದಲ್ಲಿ ಮಾತು ಹೇಗಿತ್ತು, ಜಂಬ ಹೇಗಿತ್ತು, ಬಡತನದ ನಡುವೆ ಹರಟೆಗೆ ಎಷ್ಟು ಬಿಡುವಿತ್ತು ಎಂಬುದು ಉಳಿದಿದ್ದರೆ ಅವರ ಪುಸ್ತಕಗಳಿಂದ. ಅಣೆಕಟ್ಟು ಮುಗಿದ ಮರುವರ್ಷ, 1980ರಲ್ಲಿ, ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಅಮೆರಿಕಾದಲ್ಲಿ ಗೊರೂರು' ಎಂಬ ಪ್ರವಾಸದ ಪುಸ್ತಕಕ್ಕೆ. ಇದನ್ನು ವ್ಯಂಗ್ಯ ಎಂದು ನಾನು ಎತ್ತಿ ಆಡುವುದಿಲ್ಲ. ಎಪ್ಪತ್ತೈದು ದಾಟಿದ ಗಾಂಧಿವಾದಿ ಲೇಖಕನಿಂದ ಮುಳುಗಡೆಯ ಕಾದಂಬರಿ ಕೇಳುವುದು ಅತಿಯಾಸೆ. ನನ್ನ ಮಾತು ಅವರ ಹಾಸ್ಯದ ಬಗ್ಗೆ. ಅವರ ಹಳ್ಳಿಯಲ್ಲಿ ಎಲ್ಲರೂ ಕೊನೆಗೆ ಒಂದೇ ಕಟ್ಟೆಗೆ ಬಂದು ಕೂರುತ್ತಾರೆ, ಜಗಳ ನಗೆಯಲ್ಲಿ ಕರಗುತ್ತದೆ. ಊರು ನಾಳೆಯೂ ಇರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಹುಟ್ಟುವ ಹಾಸ್ಯ ಅದು. ಊರೇ ಎತ್ತಂಗಡಿಯಾದಾಗ ಆ ಗದ್ಯಕ್ಕೆ ನಿಲ್ಲಲು ಕಟ್ಟೆ ಇರುವುದಿಲ್ಲ. ಹೇಮಾವತಿಯ ದಂಡೆಯ ಎರಡನೆಯ ಗದ್ಯ ಬೇರೆ ಯಾರೋ ಬರೆಯಬೇಕಿತ್ತು. ಆ ಜಾಗಕ್ಕೆ ಕ್ಯಾಮೆರಾ ಬಂತು.

ಕ್ಯಾಮೆರಾ ಬಂದದ್ದಕ್ಕೆ ಕಾರಣವನ್ನು ಇಟ್ಟಿಗೆಯಲ್ಲೂ ಹುಡುಕಬಹುದು. ಪೂರ್ತಿ ಮುಳುಗಿ ಹೋಗಿದ್ದರೆ ಚರ್ಚನ್ನು ಯಾರೂ ನೋಡುತ್ತಿರಲಿಲ್ಲ. ಹಿನ್ನೀರಿನ ಅಂಚಿನಲ್ಲಿ ಸಿಕ್ಕಿಕೊಂಡದ್ದರಿಂದ ವರ್ಷಕ್ಕೊಮ್ಮೆ ಮುಳುಗಿ ಒಮ್ಮೆ ಏಳುತ್ತದೆ. ಇದನ್ನೇ ಪ್ರವಾಸದ ಬರಹಗಳು ಪವಾಡದಂತೆ ಹೇಳುತ್ತವೆ. ಕಟ್ಟಡದ ಪಾಲಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಸದಾ ನೀರೊಳಗಿದ್ದ ಇಟ್ಟಿಗೆ ಹೇಗೋ ಬಾಳುತ್ತದೆ. ನೆನೆದು, ಒಣಗಿ, ಮತ್ತೆ ನೆನೆಯುವ ಇಟ್ಟಿಗೆಯಲ್ಲಿ ಉಪ್ಪು ಮೇಲೆ ಬಂದು ಮೈ ಉದುರುತ್ತದೆ, ಸುಣ್ಣದ ಗಾರೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ತೊಳೆದುಹೋಗುತ್ತದೆ, ಬಿರುಕಿನಲ್ಲಿ ಗಿಡ ಬೇರು ಬಿಡುತ್ತದೆ, ಅಲೆ ಒಂದೇ ಮಟ್ಟದಲ್ಲಿ ಬಡಿದು ಬಡಿದು ಗೋಡೆಗೆ ಸೊಂಟ ಬರುತ್ತದೆ. ಚಾವಣಿ ಇಲ್ಲದ್ದರಿಂದ ಮಳೆ ಮೇಲಿನಿಂದಲೂ ಇಳಿಯುತ್ತದೆ. ಈಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಬಿದ್ದಾಗ 'ಉಳಿಸಿ' ಎಂಬ ಕೂಗು ಎದ್ದಿತು. ಕೂಗಿದವರಲ್ಲಿ ಫೋಟೋ ತೆಗೆಯುವವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಪ್ರೀತಿ ಹೇಗಾದರೂ ಹುಟ್ಟಲಿ. ಆದರೆ ನಾವು ಉಳಿಸಬೇಕು ಎನ್ನುತ್ತಿರುವುದು ಏನನ್ನು? ಹಾಳಾಗಿರುವುದರಿಂದಲೇ ಚೆಂದ ಎನಿಸಿದ್ದನ್ನು ರಿಪೇರಿ ಮಾಡಿದರೆ ಅದೇ ಜನ ಬರುತ್ತಾರೆಯೇ?

ಕಣ್ಣಂಬಾಡಿಯ ಉದಾಹರಣೆ ಇದೆ. ಕೃಷ್ಣರಾಜಸಾಗರ ಕಟ್ಟಿದಾಗ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರು ಪಾಲಾಗಿತ್ತು. ದಶಕಗಳ ಮೇಲೆ ಬರಗಾಲದಲ್ಲಿ ಅದು ಮೇಲೆ ಕಂಡಿತು. ಆಮೇಲೆ ಖೋಡೆಯವರ ಪ್ರತಿಷ್ಠಾನ ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಹಿನ್ನೀರಿನ ಮೇಲೆ ಮತ್ತೆ ಕಟ್ಟಿತು. ಈಗ ಅಲ್ಲಿಯೂ ಪ್ರವಾಸಿಗಳು ಸೂರ್ಯಾಸ್ತ ನೋಡಲು ಹೋಗುತ್ತಾರೆ. ದೇವಸ್ಥಾನ ಎತ್ತಿದರು, ಚರ್ಚು ಬಿಟ್ಟರು ಎಂದು ಇದನ್ನು ಕೋಮಿನ ಲೆಕ್ಕಕ್ಕೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಕಲ್ಲನ್ನು ಬಿಚ್ಚಿ ಜೋಡಿಸಬಹುದು, ಸುಣ್ಣ ಹೀರಿದ ಇಟ್ಟಿಗೆಯನ್ನು ಬಿಚ್ಚಿದರೆ ಪುಡಿ ಸಿಗುತ್ತದೆ. ಅಲ್ಲದೆ ಕಣ್ಣಂಬಾಡಿಯ ದೇವಸ್ಥಾನವೂ ದಶಕಗಟ್ಟಲೆ ನೀರಲ್ಲೇ ಇತ್ತು, ಸರ್ಕಾರಕ್ಕೆ ಆಗ ಅದರ ನೆನಪಿರಲಿಲ್ಲ. ಎರಡೂ ಕಡೆ ಸಮಾನವಾದದ್ದು ಒಂದಿದೆ: ಕಟ್ಟಡಕ್ಕೆ ಮರುಜನ್ಮದ ಚರ್ಚೆ ಇದೆ, ಊರಿಗೆ ಇಲ್ಲ.

ಲೋಕದಲ್ಲಿ ಇಂಥ ಗೋಪುರಗಳು ಬೇರೆಯೂ ಇವೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಸಾವು ಎಂಬ ಹಳ್ಳಿಯ ಹನ್ನೊಂದನೆಯ ಶತಮಾನದ ಚರ್ಚು 1960ರ ದಶಕದ ಜಲಾಶಯದಲ್ಲಿ ಮುಳುಗಿತು. ಅದರ ಗಂಟೆಗೋಪುರ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಅಲ್ಲಿಯ ಜನ ಬರವನ್ನು ಅಳೆಯುತ್ತಾರೆ. 2023ರಲ್ಲಿ ಬುಡದವರೆಗೂ ಕಂಡಿತು. (ಹೆಸರು ಕನ್ನಡದಲ್ಲಿ ಬರೆದಾಗ ಬೆಚ್ಚಿದೆ, ಹಾಗೇ ಬಿಟ್ಟಿದ್ದೇನೆ.) ಇಟಲಿಯ ಉತ್ತರದ ತುದಿಯಲ್ಲಿ, ರೆಷೆನ್ ಸರೋವರದ ನಡುವೆ ಗ್ರಾವುನ್ ಎಂಬ ಊರಿನ ಹದಿನಾಲ್ಕನೆಯ ಶತಮಾನದ ಗೋಪುರ ಒಂಟಿಯಾಗಿ ನಿಂತಿದೆ; ಊರು 1950ರಲ್ಲಿ ಹೋಯಿತು. ಶೆಟ್ಟಿಹಳ್ಳಿಯ ಹಾಗೆಯೇ ಅದೂ ಅಂಚೆಕಾರ್ಡಿನ ಚಿತ್ರ, ಪ್ರವಾಸಿಗಳ ಜಾತ್ರೆ. ಆದರೆ 2018ರಲ್ಲಿ ಮಾರ್ಕೊ ಬಾಲ್ಸಾನೊ ಎಂಬ ಲೇಖಕ ಆ ಊರಿನ ಮೇಲೆ ಒಂದು ಕಾದಂಬರಿ ಬರೆದ. ಅದರ ಹೆಸರಿನ ಅರ್ಥ 'ನಾನಿಲ್ಲೇ ಇರುತ್ತೇನೆ'. ತ್ರಿನಾ ಎಂಬ ಶಾಲಾ ಮೇಡಂ ಕಳೆದುಹೋದ ಮಗಳಿಗೆ ಬರೆಯುವ ರೂಪದಲ್ಲಿ ಕಥೆ ಸಾಗುತ್ತದೆ. ಮುಸೊಲಿನಿಯ ಕಾಲದಲ್ಲಿ ಅವರ ಜರ್ಮನ್ ಭಾಷೆಯನ್ನು ಶಾಲೆಯಿಂದ ಓಡಿಸಿದ್ದು, ಯುದ್ಧ, ಆಮೇಲೆ ಅಣೆಕಟ್ಟು. ಓದಿದ ಮೇಲೆ ಆ ಗೋಪುರದ ಫೋಟೋವನ್ನು ಹಿಂದಿನ ಹಾಗೆ ನೋಡಲು ಆಗುವುದಿಲ್ಲ. ನೀರೊಳಗೆ ಭಾಷೆಯ ಜಗಳ ಇದೆ, ಮಗಳಿಗಾಗಿ ಕಾದ ಬಾಗಿಲು ಇದೆ ಎಂದು ಗೊತ್ತಾಗಿಬಿಟ್ಟಿರುತ್ತದೆ. ಬಾಲ್ಸಾನೊ ಆ ಊರಿನವನಲ್ಲ, ಮಿಲಾನಿನವನು. ಊರಿನವರೇ ಬರೆಯಬೇಕೆಂಬ ನಿಯಮ ಇಲ್ಲ ಎಂಬುದಕ್ಕೆ ಹೇಳಿದೆ.

ನನ್ನ ತರಗತಿಯಲ್ಲಿ ಒಮ್ಮೆ ಶೆಟ್ಟಿಹಳ್ಳಿಯ ಚಿತ್ರ ತೋರಿಸಿ ಒಂದು ಪುಟ ಬರೆಯಲು ಹೇಳಿದೆ. ಎಂಎ ಕನ್ನಡದ ಹುಡುಗ ಹುಡುಗಿಯರು, ನಾಲ್ಕೂ ತಾಲ್ಲೂಕಿನವರು. ಹೆಚ್ಚಿನವರು ಮೌನ, ಕಾಲ, ನಶ್ವರತೆ ಎಂದು ಬರೆದರು. ಆ ಫೋಟೋ ಬರೆಸುವುದೇ ಅದನ್ನು. ಪಾವಗಡದ ಕಡೆಯ ಹುಡುಗಿಯೊಬ್ಬಳು ಮಾತ್ರ ತಿರುಮಣಿಯ ಸೋಲಾರ್ ಪಾರ್ಕಿನ ಬಗ್ಗೆ ಬರೆದಳು. ಐದು ಹಳ್ಳಿಗಳ ಹದಿಮೂರು ಸಾವಿರ ಎಕರೆ, ಗಾಜಿನ ಕೆರೆಯ ಹಾಗೆ ಹೊಳೆಯುವ ಹಲಗೆಗಳು. ಅಲ್ಲಿ ಜಮೀನು ಕಿತ್ತುಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಒಡೆತನ ರೈತರದ್ದೇ. ಆದರೆ ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ, ಕುರಿ ಮೇಯಿಸಲು ಬೀಡೂ ಇಲ್ಲ ಎಂದು ಅವಳು ಬರೆದಿದ್ದಳು. ಚರ್ಚಿನ ಪ್ರಶ್ನೆಗೆ ಸೋಲಾರ್ ಏಕೆ ಬರೆದೆ ಎಂದರೆ, "ಅಲ್ಲೂ ಫೋಟೋದಾಗೆ ಜನ ಇಲ್ಲ, ಇಲ್ಲೂ ಇಲ್ಲ ಸಾರ್" ಅಂದಳು. ಆ ತರಗತಿಯಲ್ಲಿ ನಡೆದ ಒಳ್ಳೆಯ ವಿಮರ್ಶೆ ಅದೊಂದೇ.

ಕೊರಟಗೆರೆಯ ಹುಡುಗನೊಬ್ಬ ಖಾಲಿ ಹಾಳೆ ಕೊಟ್ಟ. ಕೇಳಿದ್ದಕ್ಕೆ, "ನಮ್ಮೂರೂ ಲಿಸ್ಟಲ್ಲೈತೆ ಸಾರ್, ಬೈರಗೊಂಡ್ಲು ಡ್ಯಾಮಿಗೆ. ಆಗ್ತೈತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಮನೆ ಸೋರ್ತೈತೆ, ಅಪ್ಪ ಹೆಂಚು ಹಾಕ್ಸಲ್ಲ, ಮುಳುಗೋ ಮನೆಗೆ ಯಾಕೆ ಅಂತಾರೆ" ಅಂದ. ಎತ್ತಿನಹೊಳೆಯ ನೀರು ನಿಲ್ಲಿಸಲೆಂದು ಯೋಚಿಸಿದ ಆ ಜಲಾಶಯಕ್ಕೆ ಕೊರಟಗೆರೆಯ ಹಳ್ಳಿಗಳೂ ದೊಡ್ಡಬಳ್ಳಾಪುರದ ಹಳ್ಳಿಗಳೂ ಹೋಗಬೇಕಿತ್ತು. ಎರಡು ತಾಲ್ಲೂಕಿನ ಪರಿಹಾರದ ದರ ಬೇರೆ ಬೇರೆ ಎಂಬ ತಕರಾರಿನಲ್ಲಿ ಕೆಲಸ ವರ್ಷಗಟ್ಟಲೆ ನಿಂತಿತು. ಯೋಜನೆ ಹಿಗ್ಗುತ್ತದೆ, ಕುಗ್ಗುತ್ತದೆ, ಜಾಗ ಬದಲಾಗುತ್ತದೆ ಎಂಬ ಸುದ್ದಿ ಬರುತ್ತಲೇ ಇರುತ್ತದೆ. ನೀರು ಬರುವ ಮುಂಚೆಯೇ ಸೋರುವ ಮನೆ. ಇದು 'ದ್ವೀಪ'ದಲ್ಲಿ ಇಲ್ಲ. ನಮ್ಮ ಕಾಲದ ಮುಳುಗಡೆಯ ಕಾದಂಬರಿ ಬರೆಯುವವರು ಇಲ್ಲಿಂದ ಶುರು ಮಾಡಬಹುದು.

ನಮ್ಮ ಶಿರಾಕ್ಕೂ ಎತ್ತಂಗಡಿ ಹೊಸದಲ್ಲ. ಮೊಗಲರ ಕಾಲದಲ್ಲಿ ಸುಬಾದ ರಾಜಧಾನಿಯಾಗಿ ಮೆರೆದ ಊರು. 1696ರ ಜುಮ್ಮಾ ಮಸೀದಿ, ಮಲಿಕ್ ರಿಹಾನನ ಗೋರಿ ಈಗಲೂ ಇವೆ; ದಿಲಾವರ್ ಖಾನನ ಅರಮನೆ ಗುರುತಿಗೂ ಸರಿಯಾಗಿ ಉಳಿದಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮನ್ನು ಕಟ್ಟಲು ಟಿಪ್ಪು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆಯುತ್ತದೆ. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು. ಇರಲಿ, ಹನ್ನೆರಡು ಸಾವಿರದಲ್ಲಿ ಒಬ್ಬರ ಮಾತೂ ಉಳಿದಿಲ್ಲವಲ್ಲ. ಶಿರಾದ ಬಗ್ಗೆ ಬರೆಯುವವರೆಲ್ಲ ಅರಮನೆ ಬಿದ್ದುದಕ್ಕೆ ಮರುಗುತ್ತಾರೆ.

ಶೆಟ್ಟಿಹಳ್ಳಿಯ ವಿಷಯದಲ್ಲಿ ಹಾಗಾಗಬೇಕಿಲ್ಲ, ಕಾಲ ಇನ್ನೂ ಪೂರ್ತಿ ಮೀರಿಲ್ಲ. ಕಥೋಲಿಕರ ಧರ್ಮಕೇಂದ್ರ ಇದ್ದಲ್ಲೆಲ್ಲ ಜ್ಞಾನಸ್ನಾನದ, ಮದುವೆಯ, ಸಾವಿನ ದಾಖಲೆ ಪುಸ್ತಕ ಇಡುವುದು ಪದ್ಧತಿ. ಹೆಸರು, ತಂದೆ ತಾಯಿಯ ಹೆಸರು, ತಾರೀಖು. ನಮ್ಮ ಹಳ್ಳಿಯ ಬಡ ಒಕ್ಕಲುಗಳ ಹೆಸರನ್ನು ನೂರೈವತ್ತು ವರ್ಷ ಹಿಂದಿನಿಂದ ಸಾಲಾಗಿ ಬರೆದಿಟ್ಟ ಪುಸ್ತಕಗಳು ಬೇರೆಲ್ಲೂ ಸುಲಭಕ್ಕೆ ಸಿಗವು. ಅವುಗಳ ಜೊತೆಗೆ ಭೂಸ್ವಾಧೀನದ ಕಡತ ಇಟ್ಟು ಓದಿದರೆ ಯಾವ ಹೆಸರಿಗೆ ಎಷ್ಟು ಗುಂಟೆ, ಎಷ್ಟು ತೆಂಗಿನಮರ, ಎಷ್ಟು ಹಣ ಎಂಬುದು ತಿಳಿಯುತ್ತದೆ. ಎಂಎ ಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲ ಎಂದು ಪ್ರತಿ ಜೂನಿನಲ್ಲಿ ನನ್ನ ಬಾಗಿಲಿಗೆ ಬರುವವರಿಗೆ ನಾನು ಇದನ್ನೇ ಹೇಳುತ್ತಿದ್ದೇನೆ. ಅನಂತಮೂರ್ತಿಯವರ ಕಾದಂಬರಿಗಳಲ್ಲಿ ಪರಂಪರೆ ಮತ್ತು ಆಧುನಿಕತೆ ಎಂಬುದನ್ನು ಇನ್ನೊಂದು ಸಲ ಬರೆಯುವುದಕ್ಕಿಂತ ಇದು ವಾಸಿ.

ಬಾಯಿಮಾತಿನ ಲೆಕ್ಕ ಬೇರೆ ಇದೆ. 1979ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತೈದು ದಾಟಿದೆ. ಅಂದು ಮನೆ ಬಿಚ್ಚಿ ಜಂತೆ, ಬಾಗಿಲು ಗಾಡಿಗೆ ಹೇರಿದವರು ಎಂಬತ್ತರ ಮೇಲಿನವರು. ಅವರಲ್ಲಿ ಕೇಳಬೇಕಾದದ್ದು ಬೆಲ್ಜಿಯಂನ ಗಾಜಿನ ವಿಷಯ ಅಲ್ಲ. ಗಂಟೆ ಎಲ್ಲಿಗೆ ಹೋಯಿತು. ಸ್ಮಶಾನದಿಂದ ಯಾರಾದರೂ ಒಂದು ಹಿಡಿ ಮಣ್ಣು ತಂದಿದ್ದರೇ. ಕೊನೆಯ ಪೂಜೆ ಯಾವ ವಾರ ಆಯಿತು, ಅಂದು ಯಾರು ಹಾಡಿದರು, ಮನೆಗೆ ಹೋಗಿ ಏನು ಅಡುಗೆ ಮಾಡಿದರು.